ಹಾಲಿನ ಟ್ಯಾಂಕಿನ ಸಿಮ್ಮು

ಮಂಡ್ಯ ಜಿಲ್ಲೆಯ ಕೊಪ್ಪದ ಹತ್ತಿರದ ನಮ್ಮೂರಿನ ಮಹಿಳಾ ಡೈರಿಗೆ ನಾನು ಕಾರ್ಯದರ್ಶಿ. ಸುತ್ತಲಿನ ಮೂರ್ನಾಲ್ಕು ಊರಿನ ಹಾಲು ನಮ್ಮ ಟ್ಯಾಂಕಿನಲ್ಲೇ ತಣ್ಣಗಾಗಬೇಕು. ಹೋದ ವರ್ಷ ಹಾಲು ಒಕ್ಕೂಟದ ಕಚೇರಿಯವರು ಆ ಟ್ಯಾಂಕಿಗೊಂದು ಪೆಟ್ಟಿಗೆ ಕೂರಿಸಿದರು. ಒಳಗೊಂದು ಸಿಮ್ಮು. ಹಾಲು ಎಷ್ಟು ತಣ್ಣಗಿದೆ ಎಂದು ಅದು ಗಳಿಗೆಗೊಮ್ಮೆ ಟವರಿನ ಮೂಲಕ ಮಂಡ್ಯಕ್ಕೆ ತಿಳಿಸುತ್ತಿತ್ತು.

ಒಂದು ಬೆಳಿಗ್ಗೆ ಹಾಲು ಒಯ್ಯಲು ಬಂದ ಟ್ಯಾಂಕರಿನ ಡ್ರೈವರ್ ಪೈಪು ಹಚ್ಚದೆ ಫೋನ್ ನೋಡುತ್ತ ನಿಂತ. ಹಿಂದಿನ ಸಂಜೆಯಿಂದ ನಮ್ಮ ಟ್ಯಾಂಕು ಕೆಟ್ಟು ನಿಂತಿದೆ, ಆ ಹಾಲನ್ನು ತುಂಬಿಸಿಕೊಳ್ಳಬೇಡ ಎಂದು ಕಚೇರಿಯಿಂದ ಮೆಸೇಜು ಬಂದಿತ್ತಂತೆ. ಅವನ ಎದುರಿಗೇ ಥರ್ಮಾಮೀಟರ್ ಅದ್ದಿ ತೋರಿಸಿದೆ. ನಾಲ್ಕು ಡಿಗ್ರಿ, ಎಷ್ಟಿರಬೇಕೋ ಅಷ್ಟೇ.

"ನಿಮ್ ಮಾತು ನಿಜವೇ ಅಕ್ಕ. ಫೋನಲ್ಲಿ ಕೆಂಪು ತೋರುಸ್ತಾ ಅದೆ. ತುಂಬ್ಕಂಡ್ ಓದ್ರೆ ನನ್ ಕೆಲ್ಸ ಓಯ್ತದೆ," ಎಂದವನು ಖಾಲಿ ಗಾಡಿ ತಿರುಗಿಸಿದ.

ಕಚೇರಿಗೆ ಫೋನ್ ಮಾಡಿದೆ. ಪೆಟ್ಟಿಗೆಯಿಂದ ಡೇಟಾ ಬಂದಿಲ್ಲವೆಂದರೆ ಮೆಷಿನ್ ಆಫ್ ಆಗಿದೆ ಎಂದೇ ಅರ್ಥ ಎಂದ ಅಧಿಕಾರಿ, ಕರೆಂಟು ಉಳಿಸಲು ನಾನೇ ಆಫ್ ಮಾಡಿ ಸುಳ್ಳು ಹೇಳುತ್ತಿರಬಹುದು ಎಂದೂ ಸೇರಿಸಿದ. ನೀವೇ ಬಂದು ನೋಡುವ ತನಕ ಒಂದು ಲೋಟ ಹಾಲನ್ನೂ ಚೆಲ್ಲುವುದಿಲ್ಲ ಎಂದು ಫೋನಿಟ್ಟೆ.

ಆತ ಬಂದದ್ದು ಸಂಜೆ ಐದೂವರೆಗೆ. ಸಂಜೆಯ ಹಾಲು ತಂದ ಹೆಂಗಸರು ಕ್ಯಾನು ಹಿಡಿದು ಸಾಲುಗಟ್ಟಿದ್ದರು; ಟ್ಯಾಂಕಿನಲ್ಲಿ ಜಾಗವಿರಲಿಲ್ಲ. ಆತ ತಾನೇ ತಂದ ಥರ್ಮಾಮೀಟರ್ ಇಳಿಬಿಟ್ಟ. ನಾಲ್ಕೇ ಡಿಗ್ರಿ. ಪೆಟ್ಟಿಗೆ ಮಾಡಿದ ಕಂಪನಿಯವರಿಗೆ ಫೋನ್ ಮಾಡಿದಾಗ ಸಂಗತಿ ತಿಳಿಯಿತು. ನಮ್ಮ ಟವರಿನಲ್ಲಿ ಹಳೇ ನೆಟ್‌ವರ್ಕ್ ನಿಲ್ಲಿಸಿ ಹೊಸದನ್ನಷ್ಟೇ ಉಳಿಸಿದ್ದರು. ನಮ್ಮೆಲ್ಲರ ಫೋನುಗಳಿಗೆ ಹೊಸದು ಸಿಗುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಪೆಟ್ಟಿಗೆಗೆ ಹಳೆಯದು ಬಿಟ್ಟರೆ ಬೇರೆ ಹಿಡಿಯಲು ಬರುತ್ತಿರಲಿಲ್ಲ.

ಸಣ್ಣ ಸಿಗ್ನಲ್ ತೊಂದರೆ ಅಷ್ಟೇ ಎಂದು ಆತ ನಕ್ಕ.

"ಕೆಟ್ಟಿದ್ದು ಸಿಗ್ನಲ್ಲು ಸಾರ್, ಹಾಲಲ್ಲ. ನನ್ನ ಸುಳ್ಳಿ ಅಂದ್ರಲ್ಲ, ಆ ಮಾತ ಇವ್ರೆಲ್ಲರ ಮುಂದೆ ವಾಪಸ್ ತಗಳಿ," ಎಂದೆ.

ಆತ ಫೋನು ಕಿವಿಗಿಟ್ಟುಕೊಂಡು ಟ್ಯಾಂಕರ್ ಕಳಿಸಲು ಹೇಳುತ್ತ ಹೊರಗೆ ನಡೆದ. ಮಾತು ವಾಪಸ್ ಬರಲಿಲ್ಲ. ಟ್ಯಾಂಕರ್ ಬರುವಷ್ಟರಲ್ಲಿ ಅರ್ಧ ಜನ ಹಾಲನ್ನು ಮನೆಗೆ ಹೊತ್ತುಕೊಂಡು ಹೋಗಿದ್ದರು.

ಮುಂದಿನ ವಾರ ಹೊಸ ಪೆಟ್ಟಿಗೆ ಬಂತು. ಸಿಗ್ನಲ್ ಹೋದರೆ ಮೊದಲು ನಮ್ಮನ್ನು ಕೇಳಿ, ಆಮೇಲೆ ಹಾಲು ನಿಲ್ಲಿಸಿ ಎಂದು ನಾವೆಲ್ಲ ಸಹಿ ಹಾಕಿ ಕಚೇರಿಗೆ ಅರ್ಜಿ ಕಳಿಸಿದೆವು. ಎರಡು ತಿಂಗಳಾದರೂ ಉತ್ತರವಿಲ್ಲ. ಸೋಮವಾರ ನಾನೇ ಮಂಡ್ಯಕ್ಕೆ ಹೋಗಿ ಅವರ ಮೇಜಿನ ಮೇಲೆ ಇನ್ನೊಂದು ಅರ್ಜಿ ಇಟ್ಟು, ಅರ್ಜಿ ಮುಟ್ಟಿತೆಂದು ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡೇ ಬರುತ್ತೇನೆ.