ಬ್ರಾಟೆನ್ ಬಾವಿಯ ಆರ್ಡಿಸ್

ಆರ್ಡಿಸ್‌ಗೆ ಒಂಬತ್ತು ವರ್ಷವಾಗಿದ್ದಾಗ ಅವಳ ಅಪ್ಪ ಹಾಲ್ವರ್ ಬ್ರಾಟೆನ್‌ನ ಗೋಧಿ ಹೊಲದ ಮೂಲೆಯಲ್ಲಿ ಕಂಪನಿಯವರು ಎಣ್ಣೆ ಬಾವಿ ಕೊರೆದರು. ನಾರ್ತ್ ಡಕೋಟಾದ ಆ ಸೀಮೆಯಲ್ಲಿ ಜಮೀನಿನವರ ಹೆಸರನ್ನೇ ಬಾವಿಗೆ ಇಡುವುದು ರೂಢಿ. ಹಾಗಾಗಿ ಅದು ಬ್ರಾಟೆನ್ ಬಾವಿ. ಕೊರೆದದ್ದೇನೋ ಆಯಿತು, ಎಣ್ಣೆ ಮಾತ್ರ ಮೇಲೆ ಬರಲಿಲ್ಲ. ಬಂಡೆ ಗಟ್ಟಿ, ಎಣ್ಣೆ ಅದರೊಳಗೆ ಸಿಕ್ಕಿಕೊಂಡಿದೆ ಎಂದರು. ಒಂದು ಬೆಳಿಗ್ಗೆ ನಾಲ್ಕೈದು ಲಾರಿಗಳು ಬಂದು ನಿಂತವು. ಗಂಜಿಯ ಹಾಗೆ ಮಂದವಾಗಿಸಿದ ಸೀಮೆಎಣ್ಣೆಗೆ ಮರಳು ಬೆರೆಸಿ, ಪಂಪುಗಳಿಂದ ಒತ್ತಿ ಬಾವಿಯೊಳಗೆ ತಳ್ಳಿದರು. ಕಾಲಡಿ ನೆಲ ಗುಂಯ್ ಎಂದಿತು. ಅವಳ ಅಮ್ಮ ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ, ಸುರುಳಿ ಸುತ್ತಿ, ತಟ್ಟೆ ತುಂಬ ಕಳಿಸಿದ್ದಳು. ಕೆಲಸದವರು ಕೈ ತೊಳೆಯದೆಯೇ ತಿಂದರು.

"ಕೆಳಗೆ ಏನು ಮಾಡ್ತಿದ್ದೀರಿ?" ಎಂದು ಆರ್ಡಿಸ್ ಒಬ್ಬನನ್ನು ಕೇಳಿದಳು.

"ಬಂಡೆ ಬಾಯಿ ಬಿಡಿಸ್ತಿದ್ದೀವಿ ಮರಿ. ಬಿಟ್ಟ ಬಾಯಿ ಮತ್ತೆ ಮುಚ್ಕೊಳ್ದೆ ಇರ್ಲಿ ಅಂತ ಮರಳು ತುರುಕ್ತೀವಿ. ನಿಮ್ಮಮ್ಮ ನಮ್ಮ ಬಾಯಿಗೆ ರೊಟ್ಟಿ ತುರುಕ್ತಿಲ್ವಾ, ಹಂಗೆ."

ಬಾವಿ ಕೊಟ್ಟಿತು. ಹೊಳೆಯಂತೇನಲ್ಲ, ದಿನಕ್ಕೆ ಹತ್ತು ಹದಿನೈದು ಪೀಪಾಯಿ. ಆದರೆ ನಿಲ್ಲದೆ ಕೊಟ್ಟಿತು. ಕಬ್ಬಿಣದ ಪಂಪು ಹಗಲೂ ರಾತ್ರಿ ತಲೆಯಾಡಿಸುತ್ತ ನಿಂತಿರುತ್ತಿತ್ತು. ಹಿಮ ಬಿದ್ದ ದಿನ ಅದರ ನೆತ್ತಿಯ ಮೇಲೆ ಬಿಳಿ ಟೊಪ್ಪಿಗೆ ಕೂರುತ್ತಿತ್ತು. ಬಾವಿಗಳನ್ನು ಸುತ್ತಿ ನೋಡಿಕೊಳ್ಳುವ ಕೆಲಸಕ್ಕೆ, ಆರ್ಡಿಸ್ ಹರೆಯಕ್ಕೆ ಬಂದ ಮೇಲೆ ಸೇರಿದವನು ಲೈಲ್ ಕ್ವಾಮೆ. ತೊಟ್ಟಿಯಲ್ಲಿ ಎಣ್ಣೆ ಎಷ್ಟಿದೆ ಎಂದು ಟೇಪು ಇಳಿಬಿಟ್ಟು ಅಳೆಯುವುದು, ಬೆಲ್ಟು ಸಡಿಲವಾಗಿದ್ದರೆ ಬಿಗಿ ಮಾಡುವುದು, ಚಳಿಗೆ ಕೊಳವೆ ಕಟ್ಟಿಕೊಂಡರೆ ಬಿಡಿಸುವುದು, ಇಷ್ಟು ಅವನ ಕೆಲಸ. ಬೇರೆ ಬಾವಿಗಳಲ್ಲಿ ಕಾಲು ಗಂಟೆಗೆ ಮುಗಿಯುವುದು ಬ್ರಾಟೆನ್ ಬಾವಿಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಹಾಲ್ವರ್‌ಗೆ ಅನುಮಾನ ಬರದೆ ಇರುತ್ತದೆಯೇ.

"ಆ ಹುಡುಗ ನಮ್ಮ ಬಾವಿನೇ ಅಷ್ಟೊತ್ತು ಯಾಕೆ ನೋಡ್ತಾನೆ?" ಎಂದು ಊಟದ ಮೇಜಿನಲ್ಲಿ ಕೇಳಿದ.

"ಬಾವಿನಾ ನೋಡೋದು ಅವ್ನು?" ಎಂದಳು ಅಮ್ಮ, ಮಗಳ ಕಡೆ ತಿರುಗದೆ.

ಆರ್ಡಿಸ್‌ಗೂ ಲೈಲ್‌ಗೂ ಮದುವೆಯಾಯಿತು. ಮಕ್ಕಳಾಗಲಿಲ್ಲ. ಆ ದುಃಖವನ್ನು ಇಬ್ಬರೂ ಹೆಚ್ಚು ಮಾತಾಡದೆ ನುಂಗಿಕೊಂಡರು. ಸಾವಿರದ ಒಂಬೈನೂರ ಎಂಬತ್ತಮೂರರ ಚಳಿಗಾಲದಲ್ಲಿ ಲೈಲ್ ತೊಟ್ಟಿಯ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ನೀರಿಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಮತ್ತೆ ಏಣಿ ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಆರ್ಡಿಸ್ ಅವನ ಕೋಟು ತೊಟ್ಟು, ತೋಳು ಮಡಚಿಕೊಂಡು, ಮಾರನೆಯ ವಾರದಿಂದ ತಾನೇ ಹೊರಟಳು. ಕಂಪನಿಯ ಮೇಸ್ತ್ರಿ ಮುಖ ಗಂಟಿಕ್ಕಿದ.

"ಹೆಂಗಸರು ಮಾಡೋ ಕೆಲ್ಸ ಅಲ್ಲ ಇದು, ಆರ್ಡಿಸ್."

"ಹಾಗಾದ್ರೆ ಗಂಡಸು ಸಿಗೋ ತನಕ ಮಾಡ್ತಿರ್ತೀನಿ."

ಎಣ್ಣೆಯ ಬೆಲೆ ಕುಸಿದ ಕಾಲ ಅದು. ಗಂಡಸರೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಿದ್ದರು. ಬದಲಿಗೆ ಯಾರೂ ಬರಲಿಲ್ಲ, ಕೆಲಸ ಅವಳಲ್ಲೇ ಉಳಿಯಿತು. ಆಮೇಲಿನ ಇಪ್ಪತ್ತು ವರ್ಷ ಇಬ್ಬರೂ ಜೊತೆಯಲ್ಲೇ ತಿರುಗಿದರು. ಲೈಲ್ ಮನೆಯಲ್ಲಿ ಕೂರಲೊಲ್ಲದೆ ಪಿಕಪ್ ಗಾಡಿಯ ಪಕ್ಕದ ಸೀಟಿನಲ್ಲಿ, ಮೊಣಕಾಲಿಗೆ ಕಂಬಳಿ ಹೊದ್ದು ಬರುತ್ತಿದ್ದ. ಅವಳು ಮೇಲೆ ಹತ್ತಿ ಅಳೆದರೆ ಅವನು ಕೆಳಗಿನಿಂದ ಕೇಳುತ್ತಿದ್ದ, "ಟೇಪು ಒರೆಸ್ಕೊಂಡ್ಯಾ?" ದಿನವೂ ಅದೇ ಪ್ರಶ್ನೆ.

"ಇಲ್ಲ, ನಿನ್ನ ಅಂಗೀಲಿ ಒರೆಸೋಣ ಅಂತ ಇಟ್ಕೊಂಡಿದ್ದೀನಿ," ಎನ್ನುವಳು.

ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು ಬ್ರಾಟೆನ್ ಬಾವಿಯ ಹತ್ತಿರ. ಗಾಳಿ, ಗೋಧಿ, ಪಂಪಿನ ಕಿರ್ ಕಿರ್. ರಸ್ತೆಯಲ್ಲಿ ಗಂಟೆಗೊಂದು ಗಾಡಿ ಹೋದರೆ ಹೆಚ್ಚು. ಹೋದವನು ಸ್ಟೇರಿಂಗಿನಿಂದ ಒಂದು ಬೆರಳೆತ್ತುವನು, ಇವರೂ ಎತ್ತುವರು. ಅಷ್ಟಕ್ಕೇ ಯೋಗಕ್ಷೇಮ ವಿಚಾರಿಸಿದಂತೆ. ಲೈಲ್ ತೀರಿಕೊಂಡ ಮೇಲೆ ಅವಳು ಪಕ್ಕದ ಸೀಟಿನ ಕಂಬಳಿಯನ್ನು ತೆಗೆಯಲಿಲ್ಲ. ಚಳಿಗೆ ಬೇಕಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಅದಾಗಿ ಐದಾರು ವರ್ಷಕ್ಕೆ ಎಣ್ಣೆಯ ಹೊಸ ಸುಗ್ಗಿ ಬಂತು. ಬಂಡೆ ಸೀಳುವ ವಿದ್ಯೆ ಹಳೆಯದೇ, ಆದರೆ ಈಗ ಅದರ ಗಾತ್ರವೇ ಬೇರೆ. ಎರಡು ಮೈಲಿ ಕೆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿ ಇನ್ನೆರಡು ಮೈಲಿ ಹೋಗುವರು. ಉದ್ದಕ್ಕೂ ನೀರು, ಮರಳು, ಎಂಥೆಂಥದೋ ರಾಸಾಯನಿಕ ಒತ್ತಿ ಬಂಡೆ ಒಡೆಯುವರು. ಒಂದು ಬಾವಿಗೆ ಸಾವಿರಗಟ್ಟಲೆ ಲಾರಿ ಓಡಾಟ. ಜಲ್ಲಿ ರಸ್ತೆ ಧೂಳೆದ್ದು ಆರ್ಡಿಸ್ ಒಣಹಾಕಿದ ಬಟ್ಟೆ ಸಂಜೆಗೆ ಕಂದು ಬಣ್ಣವಾಗುತ್ತಿತ್ತು. ಹೊಲಗಳ ನಡುವೆ ಅನಿಲ ಉರಿಯುವ ಬೆಂಕಿಕಂಬಗಳು ನಿಂತವು. ಕೆಲಸಕ್ಕೆ ಬಂದ ಜನ ತುಂಬಿ ಅಂಗಡಿಯಲ್ಲಿ ಬ್ರೆಡ್ಡು ಸಿಗುವುದೂ ಕಷ್ಟವಾಯಿತು. ಅವಳು ಬೆರಳೆತ್ತಿದರೆ ಲಾರಿಯವರು ಏನೋ ತಪ್ಪಾಗಿದೆಯೆಂದು ಬ್ರೇಕು ಹಾಕುತ್ತಿದ್ದರು.

ತಿರುಗಿ ಬೆರಳೆತ್ತಿದ ಮೊದಲ ಹೊರಗಿನವನು ರೆನೆಲ್ ಗಿಡ್ರಿ. ಲೂಸಿಯಾನಾದವನು, ಬಂಡೆ ಸೀಳುವ ತಂಡವೊಂದರ ಮುಖ್ಯಸ್ಥ, ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಹಿಮಗಾಳಿಯ ಒಂದು ದಿನ ಅವನ ತಂಡದ ಮೂವರು ರಸ್ತೆ ಕಾಣದೆ ಸಿಕ್ಕಿಹಾಕಿಕೊಂಡಾಗ ಆರ್ಡಿಸ್ ಅವರನ್ನು ಕರೆತಂದು ತನ್ನ ಅಡುಗೆಮನೆಯಲ್ಲಿ ಕೂರಿಸಿದ್ದಳು. ಗಾಳಿ ನಿಂತ ಮೇಲೆ ಗಿಡ್ರಿ ಥ್ಯಾಂಕ್ಸ್ ಹೇಳಲು ಬಂದ. ಬರುವಾಗ ಸೀಗಡಿ, ಸಾಸೇಜು, ಖಾರದ ಪುಡಿ ಹೊತ್ತು ತಂದು, ಅವಳ ಒಲೆಯ ಮೇಲೇ ಗಂಬೋ ಸಾರು ಕುದಿಸಿದ. ಮೊದಲ ಚಮಚಕ್ಕೇ ಅವಳ ಕಣ್ಣಲ್ಲಿ ನೀರು.

"ಇದನ್ನ ತಿಂತಾರೋ, ಇದ್ರಲ್ಲಿ ಗೋಡೆ ಬಣ್ಣ ಕೆರೀತಾರೋ?"

"ಮಿಸ್ ಆರ್ಡಿಸ್, ನೀವು ಹಾಲು, ಬೆಣ್ಣೆ, ಬಿಳೀ ಮೀನು, ಬಿಳೀ ಆಲೂಗಡ್ಡೆ ತಿಂದು ತಿಂದು ನಾಲಿಗೇನೂ ಬೆಳ್ಳಗಾಗಿದೆ." ಹಿರಿಯ ಹೆಂಗಸರ ಹೆಸರಿಗೆ ಮಿಸ್ ಸೇರಿಸಿ ಕರೆಯುವುದು ಅವನ ಸೀಮೆಯ ಮರ್ಯಾದೆ.

ಅಂದಿನಿಂದ ಭಾನುವಾರಗಳಲ್ಲಿ ಅವನು ಬರತೊಡಗಿದ. ಹೆಂಡತಿ, ಮೊಮ್ಮಕ್ಕಳ ಕಥೆ ಹೇಳುವನು. ಅವಳು ಲೈಲ್‌ನ ಕಥೆ ಹೇಳುವಳು. ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಎರಡು ತಟ್ಟೆ ತೊಳೆಯುವಂತಾಯಿತು.

ಮುಂದಿನ ನವೆಂಬರಿನಲ್ಲಿ ಕಂಪನಿಯಿಂದ ಸೂಚನೆ ಬಂತು. ಬ್ರಾಟೆನ್ ಬಾವಿಯಿಂದ ಒಂದು ಮೈಲಿಯೊಳಗೆ ಹೊಸ ಬಾವಿಯ ಬಂಡೆ ಸೀಳುತ್ತಾರೆ, ಮುಗಿಯುವ ತನಕ ಹಳೆಯದನ್ನು ಮುಚ್ಚಿಡಿ ಎಂದು. ಎರಡೂ ಬಾವಿಗಳ ತಳ ಒಂದೇ ಪದರದ ಬಂಡೆಗೆ ತಲುಪಿತ್ತು. ಸೀಳುವವರು ಗಿಡ್ರಿಯ ತಂಡದವರೇ. ಆರ್ಡಿಸ್ ಪಂಪು ನಿಲ್ಲಿಸಿ ಕವಾಟ ತಿರುಗಿಸಿದಳು. ಆ ಪಂಪು ಅಷ್ಟು ದಿನ ಸುಮ್ಮನೆ ನಿಂತದ್ದನ್ನು ಅವಳು ಕಂಡಿರಲಿಲ್ಲ. ದಿನವೂ ಹೋಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒತ್ತಡದ ಮುಳ್ಳು ನೋಡಿದಳು. ಆ ವಾರದ ಕೊನೆಗೆ ಮುಳ್ಳು ಮೆಲ್ಲಗೆ ಮೇಲೇರಿತು. ಮೈಲಿ ದೂರದಲ್ಲಿ ಒತ್ತಿದ ನೀರು ನೆಲದಡಿ ದಾರಿ ಮಾಡಿಕೊಂಡು ಇಲ್ಲಿಗೆ ಬಂದಿತ್ತು. ಅವಳು ಕಂಪನಿಗೆ ಫೋನು ಮಾಡಿದಳು. ಕವಾಟಗಳು ತಡೆದುಕೊಳ್ಳುತ್ತವೆ, ಹೆದರಬೇಡಿ ಎಂದರು. ಕವಾಟಗಳೇನೋ ತಡೆದುಕೊಂಡವು.

ಮತ್ತೆ ತೆರೆದಾಗ ಬಾವಿ ಅವಳನ್ನು ಬೆರಗುಗೊಳಿಸಿತು. ಮೊದಲ ವಾರ, ಅಪ್ಪನ ಕಾಲದಲ್ಲೂ ಕೊಡದಷ್ಟು ಎಣ್ಣೆ. ತೊಟ್ಟಿ ತುಂಬಿ ಲಾರಿಯವನನ್ನು ಎರಡು ಸಲ ಕರೆಸಬೇಕಾಯಿತು. ಅವಳು ಪಿಕಪ್ಪಿನಲ್ಲಿ ಕೂತು, ಖಾಲಿ ಸೀಟಿನ ಕಡೆ ತಿರುಗಿ, "ನೋಡಿದ್ಯಾ, ಮುದುಕಿಗೆ ಪ್ರಾಯ ಬಂದಿದೆ," ಎಂದು ನಕ್ಕಳು. ಎರಡನೆಯ ವಾರ ಎಣ್ಣೆಯ ಜೊತೆ ನೀರು. ಆಮೇಲೆ ಬರೀ ನೀರು. ಒಂದು ಬೆಳಿಗ್ಗೆ ಪಂಪು ಅರ್ಧಕ್ಕೆ ತಲೆಯೆತ್ತಿ ಹಾಗೇ ನಿಂತುಬಿಟ್ಟಿತ್ತು. ಕೆಳಗೆಲ್ಲ ಮರಳು ತುಂಬಿಕೊಂಡಿತ್ತು. ಬಿಡಿಸಲು ಬಂದವರು ಎರಡು ದಿನ ಹೆಣಗಿ ಕೈಚೆಲ್ಲಿದರು.

ಗಿಡ್ರಿ ಸುದ್ದಿ ಕೇಳಿ ನೇರವಾಗಿ ಬಾವಿಯ ಹತ್ತಿರವೇ ಬಂದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೈದುಬಿಡಿ, ಮಿಸ್ ಆರ್ಡಿಸ್. ಬೈಸ್ಕೊಳ್ಳೋಕೆ ಅಂತ್ಲೇ ಬಂದಿದ್ದೀನಿ."

"ಬೈದ್ರೆ ಮರಳು ಹೊರಗೆ ಬರುತ್ತಾ?"

"ಇಲ್ಲ."

"ನಿನ್ನ ಹೊಸ ಬಾವಿ ಹೇಗಿದೆ?"

ಅವನು ನೆಲ ನೋಡಿದ. "ಚೆನ್ನಾಗಿದೆ. ನಿಮ್ಮದು ಐದಾರು ವರ್ಷದಲ್ಲಿ ಕೊಟ್ಟಿದ್ದನ್ನ ಅದು ಒಂದೇ ತಿಂಗಳಲ್ಲಿ ಕೊಡುತ್ತೆ."

"ಕೊಡ್ಲಿ. ದೇಶಕ್ಕೆಲ್ಲ ಗಾಡಿ ಓಡ್ಬೇಕಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆಯಿತು. "ಆದ್ರೆ ಗಿಡ್ರಿ, ನನ್ನ ಮದುವೆ ಆಗಿದ್ದು ಈ ಬಾವಿಯಿಂದ. ಲೈಲ್ ಕಡೇ ಸಲ ಊಟ ಮಾಡಿದ್ದೂ ಇಲ್ಲೇ. ಇದನ್ನ ಯಾರ ಹತ್ರ ಹೇಳ್ಲಿ ನಾನು?"

ಗಿಡ್ರಿ ಪಿಕಪ್ಪಿನ ಹಿಂಬದಿಯ ಹಲಗೆ ಇಳಿಸಿ, ಅವಳನ್ನು ಕೂರಿಸಿ ಪಕ್ಕ ಕೂತ. ಅವಳು ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿ ತಣ್ಣಗಾಗುವ ತನಕ ಇಬ್ಬರೂ ನಿಂತ ಪಂಪನ್ನೇ ನೋಡಿದರು. ಆದರೆ ಆಮೇಲೆ ಅವಳು ಎರಡು ಭಾನುವಾರ ಅವನಿಗೆ ಬಾಗಿಲು ತೆರೆಯಲಿಲ್ಲ. ಮೂರನೆಯ ಭಾನುವಾರ ಅವನು ಬರದೇ ಇದ್ದಾಗ ತಾನೇ ಫೋನು ಮಾಡಿ, "ಕೋಳಿ ಬೇಯ್ತಾ ಇದೆ, ಬಾ. ಖಾರ ತರ್ಬೇಡ," ಎಂದಳು.

ವಸಂತದಲ್ಲಿ ಬಾವಿಗೆ ಸಿಮೆಂಟು ತುಂಬಿದರು. ಪಂಪನ್ನು ಬಿಚ್ಚಿ ಲಾರಿಗೇರಿಸಿದರು. ಕೊಳವೆಯನ್ನು ನೆಲಮಟ್ಟದಿಂದ ಕೆಳಗೆ ಕತ್ತರಿಸಿ, ಮೇಲೆ ಮಣ್ಣು ಎಳೆದರು. ಆರ್ಡಿಸ್ ಪೂರ್ತಿ ನಿಂತು ನೋಡಿದಳು. ಗಿಡ್ರಿ ರಜೆ ಹಾಕಿ ಬಂದು ಜೊತೆಗೆ ನಿಂತ. ಕೆಲಸದವರಿಗೆ ಅವಳು ಅಮ್ಮ ಮಾಡುತ್ತಿದ್ದ ಹಾಗೇ ರೊಟ್ಟಿ ಸುರುಳಿ ಮಾಡಿ ಒಯ್ದಿದ್ದಳು. ಮಣ್ಣು ಮಾಡಲು ಬಂದವರಿಗೆ ಊಟ ಹಾಕದೆ ಕಳಿಸುವ ಪದ್ಧತಿ ಅವರಲ್ಲಿರಲಿಲ್ಲ.

ಎರಡು ವರ್ಷ ಕಳೆದು ಎಣ್ಣೆಯ ಬೆಲೆ ಮತ್ತೆ ನೆಲಕಚ್ಚಿತು. ಲಾರಿಗಳು ಬಂದ ಹಾಗೇ ಹೋದವು. ಗಿಡ್ರಿಯೂ ಊರಿಗೆ ಹೊರಟ. ರಸ್ತೆಯಲ್ಲಿ ಧೂಳಿಲ್ಲ, ಬಟ್ಟೆ ಬೆಳ್ಳಗೇ ಒಣಗುತ್ತದೆ. ಇದನ್ನೇ ಬೇಡಿಕೊಂಡಿದ್ದವಳಿಗೆ ಈಗ ಸಂಜೆಗಳು ಯಾಕೋ ತೀರ ಉದ್ದವೆನಿಸಿದವು. ಲೈಲ್‌ನ ಕಾಲ ನೆನಪಾಗುವುದು ಸರಿ. ಆ ಗದ್ದಲದ ವರ್ಷಗಳೂ, ಅಡುಗೆಮನೆಯಲ್ಲಿ ಬೂಟು ಒಣಗಿಸುತ್ತಿದ್ದ ಅಪರಿಚಿತ ಹುಡುಗರೂ ನೆನಪಾಗುತ್ತಾರೆಂದು ಅವಳು ಎಣಿಸಿರಲಿಲ್ಲ. ಉಳಿದ ಬಾವಿಗಳನ್ನು ಎಪ್ಪತ್ತರ ಹತ್ತಿರದವರೆಗೂ ನೋಡಿಕೊಂಡು, ಮಂಡಿ ಹಟ ಹಿಡಿದ ಮೇಲೆ ಬೀಗದ ಕೈ ಒಪ್ಪಿಸಿದಳು.

ಒಂದು ವಸಂತದಲ್ಲಿ ಗಿಡ್ರಿ ಗಂಬೋ ಸಾರಿಗೆ ಹಾಕುವ ಬೆಂಡೆಯ ಬೀಜ ಕಳಿಸಿದ. ಅಷ್ಟು ಚಳಿಯ ನೆಲದಲ್ಲಿ ಅದು ಬೆಳೆದದ್ದೇ ಹೆಚ್ಚು. ಸೆಪ್ಟೆಂಬರಿನ ಮೊದಲ ಮಂಜು ಬೀಳುವ ಮುಂಚೆ ಒಂದು ಬೊಗಸೆ ಕಾಯಿ ಸಿಕ್ಕಿತು. ಭಾನುವಾರ ಫೋನಿನಲ್ಲಿ ಹೇಳಿದಳು.

"ಹೇಗಿತ್ತು?" ಎಂದ ಗಿಡ್ರಿ.

"ಪರವಾಗಿಲ್ಲ. ಸ್ವಲ್ಪ ಲೋಳೆ. ಕೆನೆ ಹಾಕಿ ಬೇಯಿಸ್ದೆ."



"ಬೆಂಡೆಕಾಯಿಗೆ ಕೆನೆ ಹಾಕಿದ್ರಾ, ಮಿಸ್ ಆರ್ಡಿಸ್?"

"ಬೆಣ್ಣೇನೂ ಹಾಕ್ದೆ."

"ಬರೋ ಬೇಸಿಗೆಗೆ ನಾನೇ ಬರ್ತೀನಿ," ಎಂದ ಅವನು. "ಅಲ್ಲೀವರೆಗೆ ಒಲೆ ಹತ್ರ ಹೋಗ್ಬೇಡಿ."