ಭಾವ ಡಿಸ್ಕ್ ಬ್ರೇಕ್ ಹಾಕಿಸಲು ಬಂದದ್ದು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದರ್ಜಿ. ಜೀವನವಿಡೀ ಕಾಲಿನಲ್ಲಿ ಮಿಷನ್ ತುಳಿದು ಸಂಸಾರ ಸಾಕಿದವರು. ಅವರ ಹತ್ತಿರ ಅವರಪ್ಪನ ಕಾಲದ ಒಂದು ಕಾರಿದೆ. ಮೂತಿ ಉದ್ದ, ಬಾಗಿಲು ಭಾರ, ಹಾರ್ನ್ ಮಾತ್ರ ಆಡಿನ ಮರಿಯದ್ದು. ವಾರವೆಲ್ಲ ಗಿರಾಕಿಗಳಿಂದ ‘ಇಲ್ಲಿ ಬಿಗಿ, ಅಲ್ಲಿ ಸಡಿಲ’ ಅಂತ ಅನ್ನಿಸಿಕೊಂಡು ಸುಮ್ಮನಿರುವ ಮನುಷ್ಯ, ಭಾನುವಾರ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಕೆರೆಯವರೆಗೆ ಹೋಗಿಬರುತ್ತಿದ್ದರು. ಸ್ಟೇರಿಂಗ್ ಹಿಡಿದರೆ ಅವರ ಗತ್ತೇ ಬೇರೆ. ವಾರದಲ್ಲಿ ಎಷ್ಟೇ ಕಿತ್ತಾಡಿದ್ದರೂ ಗಂಡ ಹೆಂಡತಿಗೆ ರಾಜಿಯಾಗುತ್ತಿದ್ದುದು ಆ ಕಾರಿನಲ್ಲೇ.

ಈಚೆಗೆ ಆ ಕಾರು ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಲ ತಮ್ಮ ಮನೆಯ ಗೇಟಿಗೇ ಗುದ್ದಿದರು. ಇನ್ನೊಂದು ಸಲ ಹಣ್ಣಿನವಳ ತಳ್ಳುಗಾಡಿಗೆ. ಅವಳು ಪಕ್ಕಕ್ಕೆ ಹಾರಿದ್ದರಿಂದ ಬದುಕಿಕೊಂಡಳು. ‘ಬ್ರೇಕ್ ಸರಿಯಾಗೋವರೆಗೂ ನಾನು ಈ ಗಾಡಿ ಹತ್ತಲ್ಲ’ ಎಂದು ಅಕ್ಕ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಳು.

ಮರುದಿನವೇ ಭಾವ ನನ್ನ ಗ್ಯಾರೇಜಿಗೆ ಬಂದರು. ಹೆಗಲ ಮೇಲೆ ಗೋಣಿಚೀಲ, ಅದರೊಳಗೆ ಗುಜರಿಯಲ್ಲಿ ಹುಡುಕಿ ತಂದ ಡಿಸ್ಕ್ ಬ್ರೇಕುಗಳು.

“ಹಳೇ ಡ್ರಮ್ ಬ್ರೇಕ್ ಕಿತ್ತಾಕಿ ಇದನ್ನ ಹಾಕಯ್ಯ. ಈಗಿನ ಗಾಡಿಗೆಲ್ಲ ಇದೇ ಅಂತೆ.”

ನನಗೆ ಪಿತ್ತ ನೆತ್ತಿಗೇರಿತು. ಈ ಮನುಷ್ಯನದು ಯಾವಾಗಲೂ ಇದೇ ಕತೆ. ಹೋದ ವರ್ಷ ಹೊಲಿಗೆ ಅಂಕುಡೊಂಕು ಬರುತ್ತಿದೆ ಅಂತ ಒಳ್ಳೆಯ ಮಿಷನ್ನಿಗೆ ಮೋಟಾರ್ ಹಾಕಿಸಿದರು. ಈಗ ಮೋಟಾರ್ ಹುಚ್ಚುಕುದುರೆಯ ಹಾಗೆ ಓಡುತ್ತದೆ ಅಂತ ಅದನ್ನು ಬೈಯುತ್ತಾರೆ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಅಳತೆ ತಗೊಳ್ದೆ ನೀವು ಬಟ್ಟೆ ಕತ್ತರಿಸ್ತೀರಾ ಭಾವ? ಇರೋ ಬ್ರೇಕ್ ಏನಾಗಿದೆ ಅಂತ ಮೊದಲು ನೋಡೋಣ. ಅದು ನಿಮಗೂ ಅರ್ಥ ಆಗ್ಲಿ. ಆಮೇಲೆ ಬೇಕಾದ್ರೆ ವಿಮಾನದ ಬ್ರೇಕ್ ಹಾಕ್ಕೊಡ್ತೀನಿ.”

“ಆಯ್ತಪ್ಪ ಮೇಷ್ಟ್ರೇ, ಕಲಿಸು” ಎಂದು ನಕ್ಕು ತೋಳು ಮಡಚಿದರು.

ಕಲಿಸಿದೆ. ಚಕ್ರ ಬಿಚ್ಚಿ ಡ್ರಮ್ ತೆಗೆದೆವು. ಪೆಡಲ್ ಒತ್ತಿದರೆ ಎಣ್ಣೆ ಪೈಪಿನಲ್ಲಿ ಓಡಿಬಂದು ಈ ಎರಡು ಶೂಗಳನ್ನು ಅಗಲಿಸುತ್ತದೆ, ಅವು ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ, ಎಣ್ಣೆಯಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ, ಇಷ್ಟೇ ವಿಷಯ. ಭಾವ ಬೇಗ ಹಿಡಿದುಕೊಂಡರು. ಶೂ ಸವೆದಿದೆಯೇ ಅಂತ ಬಟ್ಟೆ ನೋಡುವ ಹಾಗೆ ಹೆಬ್ಬೆರಳಿನಿಂದ ಸವರಿ ನೋಡಿದರು. ಸವೆದಿರಲಿಲ್ಲ. ಎಲ್ಲಿಯೂ ಸೋರಿಕೆಯಿಲ್ಲ. ನಾಲ್ಕು ಚಕ್ರವೂ ಹಾಗೆಯೇ. ನನಗೆ ಖುಷಿ, ಅವರ ಮುಖ ಮಾತ್ರ ಸಣ್ಣದಾಗುತ್ತ ಬಂತು.

“ಹಾಗಾದ್ರೆ ಗಾಳೀನೇ ಇರ್ಬೇಕು” ಎಂದರು.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಎಂಬ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಕಾಲು ತೆಗೆದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಭಾವ ಸೀಟಿನಲ್ಲಿ ಕೂತರು. ನಾನು ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಬಂದು ಗ್ಯಾರೇಜಿನ ಬಾಗಿಲ ಬಳಿ ನಿಂತಳು.

“ಒತ್ತಿ ಭಾವ. ಹಿಡ್ಕೊಳ್ಳಿ.”

“ಹಿಡಿದೆ.”

ನಿಪ್ಪಲ್ ಸಡಿಲಿಸಿದೆ. ಅದಕ್ಕೆ ಸಿಕ್ಕಿಸಿದ್ದ ಕೊಳವೆಯಲ್ಲಿ ಹೊರಗೆ ಬಂದ ಎಣ್ಣೆ ಸರ‍್ರನೆ ಹಿಂದಕ್ಕೆ ಹೋಯಿತು.

“ಕಾಲು ಯಾಕೆ ತೆಗೆದ್ರಿ?”

“ತೆಗೆದಿಲ್ಲ ಕಣಯ್ಯ. ಹಿಡ್ಕೊಂಡೇ ಇದೀನಿ.”

ಮತ್ತೆ ಮಾಡಿದೆವು. ಮತ್ತೆ ಅದೇ. ಸಿಟ್ಟಿನಿಂದ ಸ್ಪ್ಯಾನರ್ ಎಸೆದು ಎದ್ದು ಅವರ ಸೀಟಿನ ಹತ್ತಿರ ಹೋದೆ. “ಹಿಡ್ಕೊಂಡಿದೀನಿ, ನೋಡು ಬೇಕಾದ್ರೆ” ಎಂದರು. ನೋಡಿದೆ. ಅವರ ಬಲಗಾಲು ಪೆಡಲಿನಿಂದ ಜಾರಿ ಪಕ್ಕದಲ್ಲಿ ನೆಲದ ಮೇಲೆ ಕೂತಿತ್ತು. ತೊಡೆ ಬಿಗಿಹಿಡಿದು, ಹಲ್ಲು ಕಚ್ಚಿ, ಅವರು ಬರೀ ನೆಲವನ್ನು ಒತ್ತುತ್ತಿದ್ದರು. ಅವರ ಕಣ್ಣು ನನ್ನ ಮುಖದ ಮೇಲೆಯೇ ಇತ್ತು.

ಬಗ್ಗಿ ಅವರ ಪಾದ ಹಿಡಿದುಕೊಂಡೆ, ಬೆರಳುಗಳನ್ನು ಗಟ್ಟಿಯಾಗಿ ಹಿಚುಕಿದೆ. ಅವರಿಗೆ ಗೊತ್ತಾಗಲಿಲ್ಲ. ಹಿಮ್ಮಡಿಯಲ್ಲಿ ಮಾಯುತ್ತಿದ್ದ ಸುಟ್ಟ ಗಾಯವೊಂದಿತ್ತು.

“ಬಿಸಿನೀರು ಬಿದ್ದಿದ್ದೇ ಅವರಿಗೆ ಗೊತ್ತಾಗ್ಲಿಲ್ಲ” ಎಂದಳು ಅಕ್ಕ, ಬಾಗಿಲ ಬಳಿಯಿಂದ. “ಸಕ್ಕರೆ ಕಾಯಿಲೆ. ಕಾಲಿನ ನರ ಸತ್ತಿದೆ, ಮತ್ತೆ ಬರಲ್ಲ ಅಂತ ಡಾಕ್ಟ್ರು ಹೇಳಿದ್ರು. ಇವ್ರು ಬ್ರೇಕಿಂದೇ ತಪ್ಪು ಅಂತ ಹಟ ಹಿಡಿದ್ರು. ನಾನೂ ಹೂಂ ಅಂದೆ.”

ಭಾವ ಇಳಿದರು. ಅಕ್ಕ ಡಬ್ಬಿ ಕೆಳಗಿಟ್ಟು ಹೋಗಿ ಅವರ ಜಾಗದಲ್ಲಿ ಕೂತಳು. ನಾನು ಒತ್ತು ಅಂದಾಗ ಒತ್ತಿದಳು, ಬಿಡು ಅಂದಾಗ ಬಿಟ್ಟಳು. ನಾಲ್ಕು ಚಕ್ರವೂ ಮುಗಿಯಿತು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಹಾಳಾದ್ದು, ಅಷ್ಟು ಒಳ್ಳೆಯ ಬ್ರೇಕ್ ಈಚೆಗೆ ಯಾವ ಗಾಡಿಯಲ್ಲೂ ನಾನು ನೋಡಿರಲಿಲ್ಲ.

ಭಾವ ಗೋಣಿಚೀಲದ ಪಕ್ಕದಲ್ಲಿ ನಿಂತಿದ್ದರು. ನಾನು ಕೈ ಒರೆಸಿಕೊಳ್ಳುತ್ತ ಹೊತ್ತು ಕಳೆದೆ.

“ಭಾನುವಾರ ನಾನು ಓಡಿಸ್ತೀನಿ ಭಾವ. ನೀವಿಬ್ರೂ ಹಿಂದೆ ಆರಾಮಾಗಿ ಕೂತ್ಕೊಳ್ಳಿ.”

“ಹಿಂದೆ ಕೂತು ನಾನೇನು ಮಾಡ್ಲಿ?” ಎಂದರು.

ಅಕ್ಕ ಇನ್ನೂ ಡ್ರೈವರ್ ಸೀಟಿನಲ್ಲೇ ಕೂತಿದ್ದಳು, ಅಳುತ್ತ. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ.

ಭಾವ ಜೇಬಿನಿಂದ ಕೀಲಿ ತೆಗೆದು ನನ್ನ ಬೆಂಚಿನ ಮೇಲೆ ಇಟ್ಟರು.

“ನೆಲ ಡೊಂಕಿಲ್ಲ ಅನ್ನು” ಎಂದರು.

“ಡೊಂಕಿಲ್ಲ ಭಾವ” ಎಂದೆ.