ಹಿಮಾಲಯಕ್ಕೆ ರೊಟ್ಟಿ ಹೋಗುತ್ತದೆ, ಹುಲಿಗೆವ್ವ ಹೋಗುವಂತಿಲ್ಲ

ಬಿಟಿಎಂ ಲೇಔಟಿನ ಈ ಓಣಿಗೆ ಇನ್ನೂ ಹಾಲಿನವನು ಬಂದಿಲ್ಲ. ಆಗಲೇ ಮೊದಲ ಮಹಡಿಯಿಂದ ಪಟಪಟ ಸದ್ದು ಶುರು. ಹುಲಿಗೆವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ.

"ಏನಮ್ಮಾ, ನನ್ನ ತಲೆ ಮೇಲೆ ತಾರಸಿ ಬೀಳಿಸ್ತೀಯಾ?" ಕೆಳಗಿನಿಂದ ಮನೆ ಓನರ್ ಸೊಣ್ಣಮ್ಮ ಕೂಗುತ್ತಾರೆ.

"ಇನ್ನೊಂದೀಟ ಹಿಟ್ಟೈತ್ರಿ, ಆತು!"

ದಿನಾ ಇದೇ ಜಗಳ. ದಿನಾ ಮೊದಲ ಬಿಸಿ ರೊಟ್ಟಿ ಸೊಣ್ಣಮ್ಮನ ತಟ್ಟೆಗೇ.

ಹುಲಿಗೆವ್ವ ಕೊಪ್ಪಳದ ಕಡೆಯವರು. ಗಂಡ ಭೀಮಪ್ಪ ಆಫೀಸೊಂದರ ಸೆಕ್ಯೂರಿಟಿ. ಹುಲಿಗೆವ್ವ ದಿನಕ್ಕೆ ನೂರೈವತ್ತು ರೊಟ್ಟಿ ಬಡಿದು, ಬುಟ್ಟಿ ತಲೆ ಮೇಲಿಟ್ಟು ತಿಲಕ್ ನಗರ, ಸಿದ್ದಾಪುರ ಸುತ್ತಿ ಮಾರಿ ಬರುತ್ತಾರೆ. ಬೇಸಿಗೆ ಬಂತೆಂದರೆ ಇನ್ನೊಂದು ಕೆಲಸ. ಜಯನಗರದ ಚಾರಣ ಬಳಗವೊಂದು ಹಿಮಾಲಯಕ್ಕೆ ಹೊರಡುತ್ತದೆ. ಒಂದು ವರ್ಷ ಬಳಗದವರು ಡಬ್ಬಿ ತುಂಬ ಮೆತ್ತನೆ ಚಪಾತಿ ತುಂಬಿಕೊಂಡು ರೈಲು ಹತ್ತಿದ್ದರು. ದೆಹಲಿ ತಲುಪುವಷ್ಟರಲ್ಲಿ ಎಲ್ಲಕ್ಕೂ ಬೂಷ್ಟು! ಮರುವರ್ಷ ಹುಲಿಗೆವ್ವನ ಮನೆ ಹುಡುಕಿಕೊಂಡು ಬಂದರು. ಅಂದಿನಿಂದ ಇಂದಿನ ಎರಡು ಸಾವಿರದ ಐದನೇ ಇಸವಿವರೆಗೆ ಬಳಗದ ಹೊಟ್ಟೆ ಕಾದಿರುವುದು ಹುಲಿಗೆವ್ವನ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

"ನನ್ನ ರೊಟ್ಟಿ ಹಿಮಾಲಯ ನೋಡಿ ಬಂದೈತ್ರಿ. ನಾ ನಂದಿ ಬೆಟ್ಟಾನೂ ನೋಡಿಲ್ಲ," ಎಂದು ನಗುತ್ತಿದ್ದರು. ಈ ವರ್ಷ ಆ ನಗು ಉಳಿದಿಲ್ಲ.

ಈ ಸಲ ಇಲ್ಲಿಂದಲೇ ಅಡುಗೆಯವರನ್ನು ಕರೆದೊಯ್ಯುವುದೆಂದು ಬಳಗ ತೀರ್ಮಾನಿಸಿದೆ. ಮುಖಂಡ ಶಿವರಾಮ್ ಮನೆಯ ತಾರಸಿಯಲ್ಲಿ ನಕ್ಷೆ ಹರಡಿ, ಟೆಂಟು ಬಿಚ್ಚಿ, ಯಾವ ಹುಲ್ಲುಗಾವಲಲ್ಲಿ ತಂಗುವುದು, ಎಷ್ಟು ಸೀಮೆಎಣ್ಣೆ ಒಯ್ಯುವುದು ಎಂಬ ಚರ್ಚೆ. ರೊಟ್ಟಿ ಲೆಕ್ಕ ಕೇಳಲು ಹೋದ ಹುಲಿಗೆವ್ವ ಧೈರ್ಯ ಮಾಡಿ ಬಾಯಿ ಬಿಟ್ಟರು.

"ಸಾರ್, ಅಡಿಗಿಗೆ ನಾನ ಬರ್ತೀನ್ರಿ."

ಎಲ್ಲರೂ ನಕ್ಕರು. "ಅಯ್ಯೋ ಅಮ್ಮಾ, ಅಲ್ಲಿ ಟೆಂಟಲ್ಲಿರ್ಬೇಕು. ನಿಮ್ಮನ್ನ ಎಲ್ಲಿ ಮಲಗ್ಸೋದು?" ಎಂದರು ಶಿವರಾಮ್.

"ಈ ಹುಡುಗ್ಯಾರು ಎಲ್ಲಿ ಮಲಗ್ತಾರ್ರಿ?"

ಬಳಗದಲ್ಲಿ ಹುಡುಗಿಯರು ಮೂವರು, ಅವರ ಟೆಂಟಲ್ಲಿ ನಾಲ್ವರು ಮಲಗಬಹುದು. 'ನಮ್ ಜೊತೆ ಬರ್ಲಿ ಬಿಡಿ' ಎನ್ನಲು ಎಷ್ಟು ಹೊತ್ತು ಬೇಕು? ಒಬ್ಬರ ಬಾಯಿಂದಲೂ ಬರಲಿಲ್ಲ. 'ಆಂಟಿ, ನಿಮ್ಮ ಚಟ್ನಿ ಸಖತ್' ಎಂದು ಹೊಗಳುತ್ತಿದ್ದ, ಅವರಲ್ಲೊಬ್ಬಳಾದ ಚೈತ್ರ, ಕಟ್ಟಿದ್ದ ಶೂ ದಾರವನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ನಾಚಿಕೆಗೇಡು!

ಅಷ್ಟಕ್ಕೇ ಮುಗಿಯಲಿಲ್ಲ. ಮದುವೆ ಛತ್ರದ ಅಡುಗೆಯ ಶಾಮಣ್ಣ ಬಳಗದ ಜೊತೆ ಹೋಗುವುದೆಂದಾಯಿತು. ಬಳಗಕ್ಕೆ ಅಲ್ಲೂ ಬಿಸಿ ರೊಟ್ಟಿ ಬೇಕು, ಶಾಮಣ್ಣನಿಗೆ ಬಡಿಯಲು ಬರುವುದಿಲ್ಲ. ಕಲಿಸಿಕೊಡಬೇಕಾದವರು ಯಾರು? ಇದೇ ಹುಲಿಗೆವ್ವ!

ಸುದ್ದಿ ಕೇಳಿ ಸೊಣ್ಣಮ್ಮ ಕೆಂಡವಾಗಿದ್ದಾರೆ. "ಥೂ, ಇವಳ ಕೈ ರೊಟ್ಟಿ ಆಗುತ್ತೆ, ಇವಳು ಪಕ್ಕದಲ್ಲಿ ಮಲಗಿದ್ರೆ ಆಗಲ್ವಂತೆ! ಅದ್ಯಾವ ಸೀಮೆ ಓದು ಓದಿದ್ದಾರೋ!"

ಬೆಳಕು ಹರಿಯುತ್ತಿದ್ದಂತೆ ಶಿವರಾಮ್ ಶಾಮಣ್ಣನನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. "ಎರಡು ದಿನ ಕಲ್ಸಿಕೊಡಿ ಅಮ್ಮಾ, ನಿಮ್ಮ ಹೆಸರು ಹೇಳ್ಕೊಂಡು ತಿಂತೀವಿ."

ಹುಲಿಗೆವ್ವ ಶಾಮಣ್ಣನಿಗೆ ಮಣೆ ಹಾಕುತ್ತಾರೆ. ಬಿಸಿ ರೊಟ್ಟಿ, ಚಟ್ನಿ ಬಡಿಸುತ್ತಾರೆ. "ಉಣ್ಣಪ್ಪಾ, ನಿಂದೇನು ತಪ್ಪಿಲ್ಲ." ಶಾಮಣ್ಣ ತಲೆ ತಗ್ಗಿಸಿ ತುತ್ತು ಮುರಿಯುತ್ತಾರೆ. ಕಟ್ಟಿಟ್ಟ ರೊಟ್ಟಿ ಗಂಟನ್ನು ಹುಲಿಗೆವ್ವ ಶಿವರಾಮ್ ಮುಂದೆ ಸರಿಸುತ್ತಾರೆ. ದನಿ ಏರಿಲ್ಲ, ಕಣ್ಣು ಮಾತ್ರ ಕೆಂಪಾಗಿದೆ.

"ರೊಟ್ಟಿ ಒಯ್ರಿ ಸಾರ್, ಅನ್ನದ ಮ್ಯಾಲೆ ನನಗ ಸಿಟ್ಟಿಲ್ಲ. ಬಡಿಯೋದು ಮಾತ್ರ ಕಲಿಸಾಂಗಿಲ್ಲ. ನನ್ನ ಕೈ ಬೇಕಂದ್ರ, ಅದರ ಜೋಡಿ ನಾನೂ ಬರಬೇಕು."